ಐದನೆಯ ಕಲ್ಲು

ಕಾಲು ತೊಳೆಯಲು ಕೂತ ಪಲ್ತೀಗೆ ಎಡಗಾಲು ತೊಳೆದಾಯಿತೋ ಇಲ್ಲವೋ ಎಂಬುದೇ ಮರೆತುಹೋಯಿತು. ಎರಡೂ ಒದ್ದೆಯಾಗಿದ್ದವು. ಯಾವುದಕ್ಕೂ ಇರಲಿ ಎಂದು ಎಡಗಾಲಿಗೆ ಮತ್ತೊಮ್ಮೆ ನೀರು ಸುರಿದುಕೊಂಡ. ಒಳಗಿನಿಂದ ಹೊಗ್ಲಾ ನೋಡುತ್ತಿದ್ದಾಳೆಂದು ಅವನ ಬೆನ್ನಿಗೆ ಗೊತ್ತಾಗುತ್ತಿತ್ತು. ಇಪ್ಪತ್ತಾರು ವರ್ಷ ಜೊತೆಗೆ ಬಾಳಿದ ಹೆಂಡತಿ ಬೈದರೆ ತಿರುಗಿ ಬೈಯಬಹುದು, ಅತ್ತರೆ ಸಮಾಧಾನ ಹೇಳಬಹುದು. ಸುಮ್ಮನೆ ನೋಡಿದರೆ ಏನು ಮಾಡಬೇಕೆಂದು ಯಾವ ಗಂಡಸಿಗೂ ಯಾರೂ ಕಲಿಸಿರುವುದಿಲ್ಲ. ನಾಲ್ಕು ದಿನದಿಂದ ಅವಳು ಬೇಕಾದ್ದಕ್ಕಷ್ಟೇ ಬಾಯಿ ಬಿಡುತ್ತಿದ್ದಳು. ಗೋಡೆಯ ಗೂಡಿನಲ್ಲಿ, ದೀಪದ ಪಕ್ಕ, ಒಂದು ರೊಟ್ಟಿ ಇತ್ತು. ನಾಲ್ಕು ದಿನದ್ದು, ಅಂಚೆಲ್ಲ ಬಿರಿದು ಹಂಚಿನ ಚೂರಿನಂತಾಗಿತ್ತು. ಅದನ್ನು ಅವಳು ತಿನ್ನಲೂ ಇಲ್ಲ, ಕತ್ತೆಗೆ ಹಾಕಲೂ ಇಲ್ಲ. ದಿನಾ ಬೆಳಿಗ್ಗೆ ಗೂಡು ಗುಡಿಸುವಾಗ ಎತ್ತಿ, ಗುಡಿಸಿ, ಮತ್ತೆ ಅಲ್ಲಿಯೇ ಇಡುತ್ತಿದ್ದಳು.

ಇವತ್ತು ಅವನು ಊರಿನ ಪರವಾಗಿ ಸಾಕ್ಷಿ ನುಡಿಯಬೇಕು. ಅರೂನದ ಐವರು ಹಿರಿಯರು ಉಳುಮೆ ಕಾಣದ ಹಳ್ಳಕ್ಕೆ ಇಳಿದು, ನೊಗ ಹೊರದ ಕಡಸೊಂದರ ಕುತ್ತಿಗೆ ಮುರಿಸಿ, ಅದರ ಮೇಲೆ ಕೈ ತೊಳೆದು, ದಾರಿಯಲ್ಲಿ ಕೊಲೆಯಾಗಿ ಬಿದ್ದಿದ್ದವನನ್ನು ನಮ್ಮ ಕೈ ಕೊಂದದ್ದಲ್ಲ, ನಮ್ಮ ಕಣ್ಣು ಅವನನ್ನು ಕಂಡದ್ದೂ ಇಲ್ಲ ಎಂದು ದೇವರಿಗೆ ಹೇಳಬೇಕು. ನಾಲ್ವರ ಮಟ್ಟಿಗೆ ಅದು ನಿಜವೇ. ಐದನೆಯವನು ಪಲ್ತೀ. ಸತ್ತವನ ಹೆಸರು ಅವನಿಗೆ ಗೊತ್ತಿತ್ತು. ಶೋಹಮ್, ಇಮ್ನನ ಮಗ, ಕೆಫರಾ ಊರಿನವನು, ಜರಡಿ ಕಟ್ಟುವುದು ಕಸುಬು. ಹೆಣ್ಣಾಗಲಿ ಗಂಡಾಗಲಿ ಇಡೀ ಅರೂನದಲ್ಲಿ ಇಷ್ಟು ಗೊತ್ತಿದ್ದವರು ಇಬ್ಬರೇ, ಅವರಿಬ್ಬರೂ ಈ ಮನೆಯಲ್ಲಿದ್ದರು. ಆ ಹೆಸರು ನಾಲ್ಕು ದಿನದಿಂದ ಅವನ ಬಾಯಲ್ಲಿ ಹಲ್ಲಿಗೆ ಸಿಕ್ಕಿಕೊಂಡ ನಾರಿನ ಹಾಗೆ ಇತ್ತು. ನಾಲಗೆ ಬೇಡವೆಂದರೂ ಅಲ್ಲಿಗೇ ಹೋಗುತ್ತಿತ್ತು.

ಹೊಗ್ಲಾ ಕಡಸನ್ನು ಹಿತ್ತಿಲಿನಿಂದ ಹಿಡಿದುಕೊಂಡು ಬಂದಳು. ಹುಟ್ಟಿದ ವಾರಕ್ಕೇ ತಾಯಿ ಸತ್ತದ್ದನ್ನು ಬಟ್ಟೆ ಅದ್ದಿ ಹಾಲು ಕುಡಿಸಿ ಸಾಕಿದವಳು ಅವಳು. ಊರಲ್ಲಿ ನೊಗಕ್ಕೆ ಕಟ್ಟದ ಕಡಸು ಬೇರೆ ಇರಲಿಲ್ಲವೆಂದು ಅಲ್ಲ; ಹೊಸ ಹಿರಿಯನ ಮನೆಯಿಂದ ಬಂದರೆ ಶೋಭೆ ಎಂದು ಯಾರೋ ಅಂದರು, ಪಲ್ತೀ ಹೂಂ ಅಂದುಬಿಟ್ಟ. ಇತ್ತೀಚೆಗೆ ಅವನು ಎಲ್ಲದಕ್ಕೂ ಬೇಗ ಹೂಂ ಅನ್ನುತ್ತಿದ್ದ. ಅವಳು ಹಗ್ಗದ ತುದಿಯನ್ನು ಅವನ ಕೈಗೆ ಕೊಟ್ಟಳು.

"ಹಗ್ಗ ಮಾತ್ರ ಮರೀದೆ ತನ್ನಿ," ಅಂದಳು.

ಅಷ್ಟೇ. ಕಡಸು ಅವಳ ಮುಸುಕಿನ ಅಂಚನ್ನು ಚೀಪುತ್ತಿತ್ತು. ಅವಳು ಅದನ್ನು ಮೆಲ್ಲಗೆ ಬಿಡಿಸಿಕೊಂಡು ಒಳಗೆ ಹೋದಳು.

ನಾಲ್ಕು ದಿನದ ಹಿಂದೆ, ಆ ಸಂಜೆಯೂ ಅವಳು ಹೀಗೆಯೇ ಒಳಗೆ ಹೋಗಿದ್ದಳು. ಮುದುಕ ನಹಾತ ಸತ್ತು ಮೂವತ್ತು ದಿನ ಕಳೆದು, ಊರ ಬಾಗಿಲಲ್ಲಿ ಹಿರಿಯರು ಕೂರುವ ಐದು ಕಲ್ಲುಗಳಲ್ಲಿ ಅವನದಾಗಿದ್ದ ಐದನೆಯದು ಖಾಲಿಯಾಗಿತ್ತು. ಆ ಸಂಜೆ ನಾಲ್ವರು ಹಿರಿಯರು ಪಲ್ತೀಯ ಮನೆಗೆ ಬರುವವರಿದ್ದರು. ಬಂದು ಉಂಡು, ಮನೆ ಹೇಗಿದೆ, ಹೆಂಡತಿ ಹೇಗೆ ಬಡಿಸುತ್ತಾಳೆ, ಬಾಗಿಲಲ್ಲಿ ಯಾರು ಬಂದು ಹೋಗುತ್ತಾರೆ ಎಂದು ಆರಿಸುವ ಮೊದಲು ನೋಡಿಕೊಂಡು ಹೋಗುವುದು ಪದ್ಧತಿ. ಎಂಟು ವರ್ಷದ ಹಿಂದೆಯೂ ಹೀಗೆಯೇ ಬಂದಿದ್ದರು, ಉಂಡಿದ್ದರು, ಹೊಗಳಿದ್ದರು, ಮಾರನೆಯ ದಿನ ಅವನಿಗಿಂತ ಚಿಕ್ಕವನಾದ ತೋಲಾನನ್ನು ಆರಿಸಿದ್ದರು. ಪಲ್ತೀಯ ಅಪ್ಪ ಒಂದು ಕಾಲದಲ್ಲಿ ಗಡಿಕಲ್ಲನ್ನು ಒಂದು ಗೇಣು ಸರಿಸಿದ್ದನಂತೆ. ಸರಿಸಿದ್ದನೋ, ಮಳೆಗೆ ಜರುಗಿತ್ತೋ, ಆ ದೇವರಿಗೇ ಗೊತ್ತು. ಆದರೆ ಐವತ್ತು ದಾಟಿದ ಮೇಲೂ ಬೆನ್ನ ಹಿಂದೆ ಅವನು 'ಗಡಿಕಲ್ಲಿನವನ ಮಗ'. ಅದಕ್ಕೇ ಆ ಸಂಜೆ ಅಂಗಳವನ್ನು ಎರಡು ಸಲ ಗುಡಿಸಿಸಿದ್ದ. ಆಗ ಬಂದು ನಿಂತ, ಬೆನ್ನ ಮೇಲೆ ಮೂರು ಜರಡಿ ಕಟ್ಟಿಕೊಂಡವನು. ತುಟಿಯ ಮೂಲೆಯಲ್ಲಿ ಹುಣ್ಣು, ಮೈಯೆಲ್ಲ ದಾರಿಯ ಧೂಳು. ಮೊದಲು ತನ್ನ ಹೆಸರು, ಅಪ್ಪನ ಹೆಸರು, ಊರು ಹೇಳಿದ. ಆಮೇಲೆ ನಕ್ಕ.

"ಅಮ್ಮನ ರೊಟ್ಟಿ ವಾಸನೆ ಊರ ಬಾಗ್ಲಿಂದ ಕೈ ಹಿಡ್ಕೊಂಡು ಕರ್ಕೊಂಡ್ ಬಂತು ನೋಡಿ. ಒಂದು ಚೂರು, ಮಲಗೋಕೆ ಒಂದು ಮೂಲೆ. ಬೆಳಿಗ್ಗೆ ನಿಮ್ಮ ಹಳೇ ಜರಡಿಗಳನ್ನೆಲ್ಲ ಬಿಗಿ ಮಾಡ್ಕೊಟ್ಟು ಹೋಗ್ತೀನಿ."

ಬೀದಿಯ ತಿರುವಿನಲ್ಲಿ, ಹಿರಿಯರಲ್ಲಿ ಮೊದಲನೆಯವನಾದ ಅಹೀರನ ಕೋಲಿನ ಸದ್ದು ಕೇಳುತ್ತಿತ್ತು. ಹುಣ್ಣಿನ ತುಟಿಯ ಈ ಮನುಷ್ಯ, ನಾಲ್ವರು ಹಿರಿಯರು, ಒಂದೇ ತಟ್ಟೆ. "ಈಗ ಬೇಡ ಕಣಯ್ಯಾ, ಮನೇಲಿ ದೊಡ್ಡೋರು ಬರ್ತಿದ್ದಾರೆ. ಬೇತ್‌ಸೇಲ ಅನ್ನೋ ಮುಂದಿನೂರು ಹತ್ರಾನೇ ಇದೆ, ಕತ್ಲಾಗೋದ್ರೊಳ್ಗೆ ಮುಟ್ಬೋದು, ನಡಿ," ಅಂದ ಪಲ್ತೀ. ಹತ್ತಿರವೇನೂ ಇರಲಿಲ್ಲ. ಆ ಮನುಷ್ಯ ಕೋಪಿಸಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು. "ಆಗ್ಲಿ ಬಿಡಿ ಯಜಮಾನ್ರೇ, ದೊಡ್ಡೋರು ಮುಖ್ಯ," ಅಂದು ಜರಡಿಗಳನ್ನು ಸರಿಮಾಡಿಕೊಂಡು ಹೊರಟ. ಹೊಗ್ಲಾ ಕೈಯಲ್ಲಿ ಒಂದು ರೊಟ್ಟಿ ಹಿಡಿದು ಹೊಸ್ತಿಲಿಗೆ ಬಂದವಳು ಗಂಡನ ಮುಖ ನೋಡಿ ನಿಂತಳು. ಪಲ್ತೀ ಬೇಡವೆಂದು ಬಾಯಿಬಿಟ್ಟು ಹೇಳಲಿಲ್ಲ. ಹುಬ್ಬು ಎತ್ತಿದ, ಅಷ್ಟೇ. ಅವಳು ಒಳಗೆ ಹೋದಳು. ಅಹೀರ ಬಂದು, ಒಳ್ಳೆ ಘಮ ಬರ್ತಿದೆಯಲ್ಲಮ್ಮಾ ಅಂದ.

ಮಾರನೆಯ ದಿನ ಊರ ಬಾಗಿಲಲ್ಲಿ ಜನ ಸೇರಿದರು. ಮೋಶೆ ಕಾಡಿನಲ್ಲಿ ಎಪ್ಪತ್ತು ಮಂದಿಯನ್ನು ಆರಿಸಿ ತನ್ನ ಹೊರೆ ಹಂಚಿಕೊಂಡನಲ್ಲ, ಅಂದಿನಿಂದ ನಡೆದುಬಂದದ್ದು: ಜನ ಬಲ್ಲವನನ್ನೇ ಆರಿಸಬೇಕು, ಜನರ ಎದುರಿಗೇ ಆರಿಸಬೇಕು. ಅಹೀರ ಎದ್ದು ನಿಂತು, "ಇಗೋ ಪಲ್ತೀ. ಇವನ ಮೇಲೆ ಯಾರಿಗಾದ್ರೂ ಏನಾದ್ರೂ ಗೊತ್ತಿದ್ರೆ ಈಗ ಹೇಳಿ. ಆಮೇಲೆ ಬಾವಿಕಟ್ಟೆ ಮೇಲೆ ಕೂತು ಆಡ್ಕೋಬೇಡಿ," ಅಂದ. ಗುಂಪಿನ ಹಿಂದಿನಿಂದ ಯಾರೋ, "ಕೂರೋ ಕಲ್ಲು ಜೋಪಾನ ಮಾವ, ಗೇಣು ಜರುಗೀತು!" ಎಂದು ಕೂಗಿದರು, ಎಲ್ಲರೂ ನಕ್ಕರು. ಆದರೆ ಅದು ಈ ಸಲ ಪ್ರೀತಿಯ ನಗು. ಅದರ ಹಿಂದೆಯೇ "ಬಲ್ಲೆವು, ಇವನನ್ನು ಬಲ್ಲೆವು" ಎಂಬ ಕೂಗು ಎದ್ದಿತು. ಪಲ್ತೀಯ ಕಣ್ಣು ತುಂಬಿಬಂತು. ನಹಾತನ ಕಲ್ಲಿನ ನಡುವೆ ಒಂದು ತಗ್ಗು ಬಿದ್ದಿತ್ತು, ನಲವತ್ತು ವರ್ಷ ಒಬ್ಬನೇ ಕೂತು ಸವೆದದ್ದು. ಪಲ್ತೀ ಅದರಲ್ಲಿ ಕೂತ. ಅವನ ಕುಂಡೆಗೆ ಅದು ಒಂದು ಕಡೆ ಒತ್ತುತ್ತಿತ್ತು. ಹೊರಗಿನವರು ಬಾಗಿಲಿಗೆ ಬಂದರೆ ಉತ್ತರ ಕೊಡುವುದು ಐದನೆಯ ಕಲ್ಲಿನವನ ಕೆಲಸ, ನೆನಪಿರಲಿ, ಎಂದು ಅಹೀರ ಹೇಳುತ್ತಿದ್ದ. ಅಷ್ಟರಲ್ಲೇ ಕುರುಬನೊಬ್ಬ ಏದುಸಿರು ಬಿಡುತ್ತ ಬಂದು, ಬೇತ್‌ಸೇಲದ ದಾರಿಯಲ್ಲಿ ಒಂದು ಹೆಣ ಬಿದ್ದಿದೆ, ನರಿಗಳು ಮುಖವನ್ನೆಲ್ಲ ತಿಂದುಬಿಟ್ಟಿವೆ ಅಂದ. ಅವನ ಹತ್ತಿರ ಏನಾದರೂ ಇತ್ತೇ ಎಂದು ಯಾರೋ ಕೇಳಿದರು. ಏನೂ ಇಲ್ಲ, ಹೊದಿಕೆ ಕೂಡ ಇಲ್ಲ, ಎಲ್ಲ ಕಿತ್ತುಕೊಂಡು ಹೋಗಿದ್ದಾರೆ ಅಂದ ಕುರುಬ. ಜನರ ಕೂಗು ಪಲ್ತೀಯ ಕಿವಿಯಲ್ಲಿ ಇನ್ನೂ ಆರಿರಲಿಲ್ಲ. ಎದ್ದು ನಿಂತು ಹೇಳಿಬಿಡಬೇಕಿತ್ತು. ಆದರೆ ಬಲ್ಲೆವು ಎಂದ ಬಾಯಿಗಳು ಇನ್ನೂ ಮುಚ್ಚುವ ಮೊದಲೇ ಹೇಗೆ ಹೇಳುವುದು? ನಾಳೆ ಹೇಳಿದರಾಯಿತು ಅಂದುಕೊಂಡ.

ಆ ನಾಳೆ ಬಂದಾಗ ಹೆಣದಿಂದ ಊರುಗಳಿಗೆ ಅಳತೆಯಾಯಿತು. ಹೆಣಕ್ಕೆ ಯಾವ ಊರು ಹತ್ತಿರವೋ ಆ ಊರೇ ಪಾಪ ತೊಳೆಯಬೇಕು. ಬೇತ್‌ಸೇಲದವರೂ ಹಗ್ಗ ತಂದಿದ್ದರು. ಮೂಗಿನಿಂದ ಅಳೆಯಬೇಕು, ಉಸಿರು ಇರುವುದು ಅಲ್ಲಿ, ಎಂದರು ಅವರು. ಹೊಕ್ಕುಳಿಂದ, ಮನುಷ್ಯ ಶುರುವಾಗುವುದು ಅಲ್ಲಿಂದ, ಎಂದ ತೋಲಾ. ಮೂಗೇ ಇಲ್ಲವಲ್ಲಯ್ಯಾ ಎಂದು ಅಹೀರ ಅಂದ ಮೇಲೆ ಜಗಳ ನಿಂತಿತು. ಹಗ್ಗದ ತುದಿಯನ್ನು ಹೊಕ್ಕುಳ ಮೇಲೆ ಒತ್ತಿ ಹಿಡಿಯುವ ಕೆಲಸ ಹೊಸಬನದು. ಪಲ್ತೀ ಹೆಬ್ಬೆರಳಿಟ್ಟು ಹಿಡಿದ. ತಣ್ಣಗಿತ್ತು. ಅಲ್ಲಿಂದ ಎದ್ದು ಹಗ್ಗದ ಹಿಂದೆ ನಡೆಯುವಾಗ ಗಂಟುಗಂಟಿಗೂ ಅದನ್ನು ಒಂದಿಷ್ಟು ಸಡಿಲ ಬಿಟ್ಟ, ಅರೂನದ ದಾರಿ ಲೆಕ್ಕದಲ್ಲಿ ಉದ್ದವಾಗಲಿ ಎಂದು. ಹೆಣ ಬೇತ್‌ಸೇಲದ ಪಾಲಿಗೆ ಹೋದರೆ ಸುಳ್ಳು ಹೇಳಬೇಕಾಗಿರಲಿಲ್ಲ. ಅಪ್ಪ ಕಲ್ಲು ಸರಿಸಿದನೋ ಇಲ್ಲವೋ, ಮಗನಂತೂ ಹಗ್ಗ ಸಡಿಲಿಸಿದ. ಎಷ್ಟು ಸಡಿಲಿಸಿದರೂ ಅರೂನವೇ ಹನ್ನೊಂದು ಮೊಳ ಹತ್ತಿರ ಬಂತು. ಬಿದ್ದಲ್ಲೇ ಹೂತರು, ಮೇಲೆ ಕಲ್ಲು ಪೇರಿಸಿದರು. ಹೆಸರಿಲ್ಲದವನ ಗುಡ್ಡೆಯ ಪಕ್ಕ ಹಾಯುವವರು ಒಂದೊಂದು ಕಲ್ಲು ಇಟ್ಟು ಹೋಗುವುದು ಆ ಸೀಮೆಯ ರೂಢಿ. ಊರ ಬಾಗಿಲಲ್ಲಿ ಕೂತರೆ ಆ ಗುಡ್ಡೆ ಕಣ್ಣಿಗೆ ನೇರವಾಗಿ ಕಾಣುತ್ತಿತ್ತು.

ಇವತ್ತು, ಹಳ್ಳಕ್ಕೆ ಇಳಿಯುವ ದಾರಿಯಲ್ಲಿ ಉಳಿದ ಮೂವರು ಯಾಜಕರ ಜೊತೆ ಮುಂದೆ ಹೋಗಿದ್ದರು. ಅಹೀರ ಮಂಡಿ ನೋವಿನಿಂದ ಹಿಂದೆ ಬಿದ್ದಿದ್ದ. ಪಲ್ತೀ ಕಡಸನ್ನು ಹಿಡಿದುಕೊಂಡು ಅವನ ಪಕ್ಕದಲ್ಲಿ ನಡೆಯುತ್ತಿದ್ದ. ಮಧ್ಯೆ ಮಧ್ಯೆ ಕಡಸು ಹುಲ್ಲಿಗೆ ನಿಲ್ಲುತ್ತಿತ್ತು, ಇವನೂ ನಿಲ್ಲುತ್ತಿದ್ದ.

"ಅಹೀರ ಮಾವಾ, ಒಂದು ಮಾತು."

"ಎರಡಾಡು. ಮಂಡಿ ನೋವಾದ್ರೂ ಮರೀತದೆ."

"ಆ ಸತ್ತೋನು... ಸಾಯೋಕೆ ಮುಂಚೆ ನಮ್ಮನೆ ಬಾಗ್ಲಿಗೆ ಬಂದಿದ್ದ."

ಅಹೀರ ನಡಿಗೆ ನಿಲ್ಲಿಸಲಿಲ್ಲ. ಕೋಲಿನ ಸದ್ದು ಮಾತ್ರ ಒಂದು ಸಲ ತಪ್ಪಿತು.

"ಕೊಂದೋರ್ನ ನೋಡಿದ್ಯಾ?"

"ಇಲ್ಲ."

"ಕುರುಬ ಬಂದು ಹೇಳೋಕೆ ಮುಂಚೆ ಹೆಣ ನೋಡಿದ್ಯಾ?"

"ಇಲ್ಲ."

"ಮತ್ತೇನು ನೋಡ್ದೆ? ಬದುಕಿದ್ದೋನ್ನ ನೋಡ್ದೆ. ದೇವರು ಕೇಳ್ತಿರೋದು ಸತ್ತೋನ ವಿಷಯ."

"ಹೆಸರು ಹೇಳ್ದ ಮಾವಾ. ಅಪ್ಪನ ಹೆಸರು, ಊರು, ಎಲ್ಲ ಹೇಳ್ದ. ಅವನ ಹೆಸರು..."

ಈರುಳ್ಳಿ ವಾಸನೆಯ ಒಂದು ಒರಟು ಕೈ ಪಲ್ತೀಯ ಬಾಯಿಯ ಮೇಲೆ ಬಂತು. "ಹೇಳ್ಬೇಡ. ನೀನು ಹೇಳಿದ್ರೆ ನಂಗೂ ಗೊತ್ತಾಗ್ತದೆ. ಈಗ ಗೊತ್ತಿರೋನು ಒಬ್ನೇ. ಒಬ್ಬನ ಬಾಯಿ ಸಾಕ್ಷಿ ಅಲ್ಲ, ಇಬ್ಬರದ್ದು ಬೇಕು. ಇದು ನಾನು ಮಾಡಿದ್ದಲ್ಲ, ದೇವರು ಕೊಟ್ಟ ಕಟ್ಟಳೆ."

ಪಲ್ತೀ ಆ ಕೈಯನ್ನು ಸರಿಸಿದ. "ಹೊಗ್ಲಾನೂ ಕೇಳಿದಾಳೆ. ಇಬ್ರಾದ್ವಿ."

ಅಹೀರನಿಗೆ ನಗು ಬಂತು. "ಹೆಂಗಸ್ರ ಬಾಯಿ ಎಣಿಸೋಕೆ ಕೂತ್ರೆ ಊರ ಬಾಗ್ಲು ಮುಚ್ಚೋಕೇ ಆಗಲ್ಲ ಕಣಯ್ಯಾ." ಆಮೇಲೆ ನಗು ಬಿಟ್ಟ. "ಕೇಳು. ಇವತ್ತು ಇದು ನಡೀಲಿಲ್ಲಾಂದ್ರೆ ಆ ರಕ್ತ ನಮ್ಮ ನೆಲದ ಮೇಲೇ ಉಳೀತದೆ. ಬೇತ್‌ಸೇಲದೋರು ನಮ್ಮೂರ ಹೆಣ್ಣು ತರಲ್ಲ, ನಮ್ಗೆ ಹೆಣ್ಣು ಕೊಡಲ್ಲ. ನಿನ್ನನ್ನ ಬಲ್ಲೆವು ಅಂತ ಊರಿಗೂರೇ ಕೂಗ್ತಲ್ಲ, ಅವರನ್ನೆಲ್ಲ ಸುಳ್ಳರು ಮಾಡ್ತೀಯಾ? ಎಂಟು ವರ್ಷ ಕಾದಿದೀಯ ನೀನು." ಹುಲ್ಲಿಗೆ ನಿಂತ ಕಡಸನ್ನು ಕೋಲಿನಿಂದ ಮೆಲ್ಲಗೆ ಮುಂದಕ್ಕೆ ತಳ್ಳಿದ. "ಆ ಸಂಜೆ ನಿಮ್ಮನೆ ರೊಟ್ಟಿ ನಾವೂ ತಿಂದ್ವಿ. ಚೆನ್ನಾಗಿತ್ತು."

ಪಲ್ತೀಗೆ ಏನಾಯಿತೆಂದರೆ, ಹಗುರವಾಯಿತು. ಹೇಳಿದೆನಲ್ಲ, ನನ್ನ ಕೆಲಸ ಮುಗಿಯಿತು, ಇನ್ನು ಅದು ಹಿರಿಯನ ಹೊಣೆ ಎಂಬ ಒಂದು ಅಸಹ್ಯ ಹಗುರ ಅವನ ಹೊಟ್ಟೆಯಲ್ಲಿ ಹರಡಿತು. ಅಹೀರ ಹೇಳಗೊಟ್ಟಿದ್ದರೆ ಹೇಳುತ್ತಿದ್ದೆನೇ? ಬಾಯಿ ಮುಚ್ಚಿಸಲಿ ಎಂದೇ ಅಲ್ಲವೇ ಎಲ್ಲರ ಮುಂದೆ ಹೇಳದೆ, ಇವನೊಬ್ಬನ ಹತ್ತಿರ, ಹಳ್ಳದ ದಾರಿಯಲ್ಲಿ ಹೇಳಲು ಹೋದದ್ದು? ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಹೇಸಿಗೆಯಾಯಿತೆಂದು ಕೂಡಲೇ ಮನಸ್ಸಿಗೆ ಇನ್ನೊಂದಿಷ್ಟು ಸಮಾಧಾನವೂ ಆಯಿತು, ಹೇಸಿಗೆಪಡುವವನು ಪೂರ್ತಿ ಕೆಟ್ಟವನಿರಲಾರನು ಎಂದು. ಮನುಷ್ಯ ತನಗೆ ತಾನೇ ಇಷ್ಟು ಚೆನ್ನಾಗಿ ವಕೀಲಿ ಮಾಡಬಲ್ಲನೆಂದು ಅವನಿಗೆ ಈ ಮೊದಲು ಗೊತ್ತಿರಲಿಲ್ಲ.

ಹಳ್ಳದಲ್ಲಿ ನೀರು ಮೊಣಕಾಲುದ್ದ ಹರಿಯುತ್ತಿತ್ತು. ಎರಡೂ ಕಡೆ ಯಾರೂ ಎಂದೂ ಉಳದ, ಇನ್ನು ಮುಂದೆಯೂ ಉಳಬಾರದ ನೆಲ. ಕಡಸು ನೀರು ಕುಡಿಯಲು ಬಗ್ಗಿತು. ಕತ್ತಿಯವನು ಅದು ಕುಡಿದು ಮುಗಿಸುವವರೆಗೆ ಕಾದ, ಆಮೇಲೆ ಹಿಂದಿನಿಂದ ಕುತ್ತಿಗೆಗೆ ಹೊಡೆದ. ಒಂದೇ ಪೆಟ್ಟಿಗೆ ಆಗಲಿಲ್ಲ. ಮೊದಲ ಪೆಟ್ಟು ಬಿದ್ದಾಗ ಅದು ತಲೆ ತಿರುಗಿಸಿ, ತನ್ನನ್ನು ಕರೆತಂದವನು ಎಲ್ಲಿ ಎಂದು ಹುಡುಕುವಂತೆ ನೋಡಿತು. ಪಲ್ತೀ ತೋಲಾನ ಹೆಗಲ ಹಿಂದೆ ಸರಿದ. ಆಮೇಲೆ ಐವರೂ ಅದರ ಮೇಲೆ ಬಾಗಿ ಕೈ ಚಾಚಿದರು, ಯಾಜಕರ ಕುಲದ ಲೇವಿಯನೊಬ್ಬ ತಂಬಿಗೆಯಿಂದ ನೀರು ಹೊಯ್ದ. ಐದು ಜೊತೆ ಕೈ, ಯಾವುದು ಯಾರದೆಂದು ಗುರುತು ಹಿಡಿಯಲು ಆಗುತ್ತಿರಲಿಲ್ಲ. ಐವರೂ ಒಟ್ಟಿಗೆ ನುಡಿಯಬೇಕು. ಪಲ್ತೀ ತುಟಿ ಮಾತ್ರ ಆಡಿಸಿ ಸುಮ್ಮನಿರಬೇಕೆಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದ. ಉಳಿದವರ ದನಿಯಲ್ಲಿ ತನ್ನದು ಇಲ್ಲದ್ದು ಯಾರಿಗೆ ತಿಳಿಯುತ್ತದೆ? ಆದರೆ ಮಾತು ಶುರುವಾದಾಗ ಎಲ್ಲರಿಗಿಂತ ಗಟ್ಟಿಯಾಗಿ ಕೇಳಿಸಿದ್ದು ಅವನದೇ ದನಿ. ಕೊಂದದ್ದಲ್ಲ, ಕಂಡದ್ದಿಲ್ಲ. ಹೊಸಬನಾದರೂ ಎಷ್ಟು ಚೆನ್ನಾಗಿ ನುಡಿದ ಎಂದು ತೋಲಾ ಬೆನ್ನು ತಟ್ಟಿದ. ಸತ್ತ ಕಡಸಿನ ಕೊರಳಿನಿಂದ ಹಗ್ಗ ಬಿಚ್ಚಲು ಪಲ್ತೀಗೆ ಬಹಳ ಹೊತ್ತು ಹಿಡಿಯಿತು.

ಊರಿಗೆ ಬಂದಾಗ ಬಿಸಿಲು ಇಳಿಯತೊಡಗಿತ್ತು. ಸಂಜೆಯವರೆಗೆ ಐವರೂ ಬಾಗಿಲಲ್ಲಿ ಕೂತಿರಬೇಕು, ಊರು ಶುದ್ಧವಾಯಿತೆಂದು ಹೋಗಿಬರುವವರಿಗೆ ತಿಳಿಯಲಿ ಎಂದು. ದಾರಿಹೋಕರು ತಲೆಬಾಗಿ ಹೋಗುತ್ತಿದ್ದರು. ನಿನ್ನೆಯವರೆಗೆ ಅವನನ್ನು ಕಂಡರೆ ಕೆಮ್ಮುತ್ತಿದ್ದ ಕುಂಬಾರನೂ ತಲೆಬಾಗಿದ. ಇದಕ್ಕಾಗಿ ಎಂಟು ವರ್ಷ ಆಸೆಪಟ್ಟದ್ದು ಹೌದೇ ಎಂದು ಪಲ್ತೀ ತನ್ನೊಳಗೆ ಹುಡುಕಿದ. ಸಂತೋಷ ಎಲ್ಲಿಯೂ ಇರಲಿಲ್ಲ. ಕಲ್ಲಿನ ತಗ್ಗು ಒಂದು ಕಡೆ ಒತ್ತುತ್ತಲೇ ಇತ್ತು. ಬಾವಿಯ ಕಡೆಯಿಂದ ಒಬ್ಬ ಹೆಂಗಸು ಬಂದಳು. ಹೊರಊರಿನವಳು, ಚಪ್ಪಲಿಯ ಒಂದು ಬಾರು ಕಿತ್ತುಹೋಗಿ ಬಟ್ಟೆಯ ಚೂರಿನಲ್ಲಿ ಕಟ್ಟಿಕೊಂಡಿದ್ದಳು. ಅವಳ ಕೈಯಲ್ಲಿ ಒಂದು ರೊಟ್ಟಿ ಇತ್ತು. ಅಂಚು ಬಿರಿದ, ಹಳೆಯ ರೊಟ್ಟಿ. ಪಲ್ತೀ ಅದನ್ನು ಕಂಡವನೇ ಗುರುತಿಸಿದ.

"ನಾನು ಕೆಫರಾದೋಳು," ಅಂದಳು ಅವಳು, ಐವರಲ್ಲಿ ಯಾರನ್ನು ನೋಡಬೇಕೆಂದು ತಿಳಿಯದೆ. "ನನ್ನ ಗಂಡನ್ನ ಹುಡುಕ್ಕೊಂಡು ಬಂದೆ. ಶೋಹಮ್ ಅಂತ, ಇಮ್ನನ ಮಗ. ಜರಡಿ ಕಟ್ತಾನೆ. ಈ ಕಡೆ ಬಂದೋನು ತಿರುಗಿ ಬಂದಿಲ್ಲ."

ಹೆಸರು ಅಷ್ಟು ಸುಲಭವಾಗಿ, ಎಲ್ಲರ ಮುಂದೆ, ಹಗಲಿನಲ್ಲಿ ಬಂದುಬಿಟ್ಟಿತು. ನಾಲ್ವರು ಹಿರಿಯರು ಪಲ್ತೀಯ ಕಡೆ ತಿರುಗಿದರು. ಉತ್ತರ ಕೊಡುವುದು ಐದನೆಯ ಕಲ್ಲಿನವನ ಕೆಲಸ.

"ಬಾವಿ ಹತ್ರ ಒಬ್ಬ ಅಮ್ಮ ಸಿಕ್ಕಿದ್ರು," ಅವಳು ಮುಂದುವರಿಸಿದಳು. "ನಿನ್ನ ಗಂಡ ನಮ್ಮನೆ ಬಾಗ್ಲಿಗೆ ಬಂದಿದ್ದ, ಇದು ಅವನ ರೊಟ್ಟಿ, ಅಂತ ಇದನ್ನ ಕೊಟ್ರು. ಅಗೋ ಆ ಗುಡ್ಡೆ ತೋರಿಸಿದ್ರು. ನಂಗೆ ಕೈಕಾಲೇ ಆಡ್ಲಿಲ್ಲ. ನಾನು ಹೋಗಿ ಹೇಳಿದ್ರೆ ನಮ್ಮೂರಲ್ಲಿ ಯಾರು ನಂಬ್ತಾರೆ? ಹೆಂಗಸು ಹೇಳಿದ್ದನ್ನ ಹೆಂಗಸು ತಂದ್ಲು ಅಂತಾರೆ. ನನ್ನನ್ನ ವಿಧವೆ ಅಂತಾನೂ ಅನ್ನಲ್ಲ, ಗಂಡ ಇರೋಳು ಅಂತಾನೂ ಅನ್ನಲ್ಲ. ಗಂಡಸರ ಬಾಯಿಂದ ಕೇಳ್ಕೊಂಡ್ ಬಾ, ಬಾಗ್ಲಲ್ಲಿ ಐದನೇ ಕಲ್ಲಿನ ಮೇಲೆ ಕೂತಿರೋರನ್ನೇ ಕೇಳು ಅಂತ ಆ ಅಮ್ಮಾನೇ ಕಳ್ಸಿದ್ರು." ಅವಳು ಪಲ್ತೀಯನ್ನು ನೋಡಿದಳು. "ಬಂದಿದ್ನಾ ಯಜಮಾನ್ರೇ? ಬಂದಿದ್ರೆ ಹೆಸರು ಹೇಳೇ ಹೇಳಿರ್ತಾನೆ. ಹೆಸರು, ಊರು ಹೇಳ್ದೆ ಅವನು ನೀರೂ ಕೇಳೋನಲ್ಲ."

ಅವಳ ದನಿಯಲ್ಲಿ ಎರಡೂ ಇದ್ದವು: ಹೌದು ಅನ್ನಿ ಎಂಬುದು, ಇಲ್ಲ ಅನ್ನಿ ಎಂಬುದು. ಪಲ್ತೀಯ ಕೈ ಇನ್ನೂ ಒದ್ದೆಯಾಗಿದ್ದಂತೆ ಅವನಿಗೆ ಅನಿಸಿತು, ತೊಡೆಗೆ ಒರೆಸಿಕೊಂಡ. ಹೌದೆಂದರೆ ಬೆಳಿಗ್ಗೆ ಐವರು ದೇವರಿಗೆ ಹೇಳಿದ್ದು ಸುಳ್ಳಾಗುತ್ತದೆ, ಕಡಸು ಸುಮ್ಮನೆ ಸತ್ತಂತಾಗುತ್ತದೆ, ಊರ ಮಕ್ಕಳು ಮತ್ತೆ ಗಡಿಕಲ್ಲು ಎಂದು ಕೂಗುತ್ತಾರೆ. ಇವೆಲ್ಲ ಒಂದು ಕಡೆ. ಇನ್ನೊಂದು ಕಡೆ ಕಿತ್ತುಹೋದ ಬಾರಿನ ಚಪ್ಪಲಿ ಹಾಕಿಕೊಂಡ ಒಬ್ಬಳು. ಇದರಲ್ಲಿ ಯೋಚಿಸುವುದೇನಿದೆ ಎಂದುಕೊಂಡ, ಹೇಳಿಬಿಡುತ್ತೇನೆ ಎಂದುಕೊಂಡ, ಬಾಯಿ ತೆರೆದ.

"ಯಾರೂ ಬರ್ಲಿಲ್ಲಮ್ಮ," ಅಂದ. "ನಾವು ಯಾರನ್ನೂ ಕಂಡಿಲ್ಲ."

"ಅಲ್ಲಿ ಹೂತಿರೋನ ಹತ್ರ ಜರಡಿ ಇತ್ತಾ?"

"ಏನೂ ಇರ್ಲಿಲ್ಲ," ಅಂದ ತೋಲಾ. ಅದು ನಿಜವೇ.

"ಮತ್ತೆ ಆ ಅಮ್ಮ ಯಾಕೆ..."

"ಆಕೆಗೆ ನಾಲ್ಕು ದಿನದಿಂದ ತಲೆ ಸರಿಯಿಲ್ಲ," ಅಂದ ಅಹೀರ, ಮೃದುವಾಗಿ. "ಬಂದೋರಿಗೆಲ್ಲ ಏನೇನೋ ಹೇಳ್ತಾಳೆ. ಅಲ್ವೇನೋ ಪಲ್ತೀ?"

ಪಲ್ತೀ ಹೂಂ ಅಂದ.

ಅವಳ ಮುಖ ಅರಳಿತು. ಅಷ್ಟು ದಣಿದ ಮುಖ ಅಷ್ಟು ಅರಳಬಹುದೆಂದು ಪಲ್ತೀ ಎಣಿಸಿರಲಿಲ್ಲ. "ಹಂಗಾದ್ರೆ ಬೇತ್‌ಸೇಲದಲ್ಲೇ ಎಲ್ಲೋ ಜರಡಿ ಕಟ್ಟುತ್ತಾ ಕೂತಿದಾನೆ. ನಂಗೊತ್ತು, ಮಾತಿಗೆ ಯಾರಾದ್ರೂ ಸಿಕ್ಕಿದ್ರೆ ಮನೆ ಮರೀತಾನೆ. ದೊಡ್ಡೋರು ನೀವು, ಹೊಟ್ಟೆ ತಣ್ಣಗೆ ಮಾಡಿದ್ರಿ. ಪಾಪ ಆ ಅಮ್ಮನ್ನ ನೋಡ್ಕೊಳ್ಳಿ," ಅಂದು ಕೈ ಮುಗಿದಳು. ಬೇತ್‌ಸೇಲದ ದಾರಿ ಯಾವುದೆಂದು ಕೇಳಿದಳು. ಪಲ್ತೀ ಬೆರಳು ಚಾಚಿ ತೋರಿಸಿದ. ಎದ್ದು ನಾಲ್ಕು ಹೆಜ್ಜೆ ಜೊತೆಗೆ ಹೋಗಬಹುದಿತ್ತು, ಆದರೆ ಸಂಜೆಯವರೆಗೆ ಕಲ್ಲು ಬಿಟ್ಟು ಏಳುವಂತಿರಲಿಲ್ಲ.

ಅವಳು ಇಳಿಜಾರಿನಲ್ಲಿ ಚಿಕ್ಕವಳಾಗುತ್ತ ಹೋದಳು. ಗುಡ್ಡೆಯ ಹತ್ತಿರ ನಿಂತಳು. ಅದರ ನೆರಳಿಗೆ ಕೂತು ರೊಟ್ಟಿಯನ್ನು ಮೊಣಕಾಲಿಗೆ ಕುಟ್ಟಿ ಮುರಿದಳು, ಚೀಲದ ನೀರಿಗೆ ಅದ್ದಿಕೊಂಡು ತಿಂದಳು. ಹಸಿದವಳು ತಿನ್ನುವ ಹಾಗೆ ತಿಂದಳು. ಆಮೇಲೆ ಎದ್ದು ಮಡಿಲು ಒದರಿ, ಯಾರ ಮನೆಯವನೋ ಏನೋ ಅಂದುಕೊಂಡಿರಬೇಕು, ಒಂದು ಕಲ್ಲು ಹುಡುಕಿ ಗುಡ್ಡೆಯ ಮೇಲಿಟ್ಟು ಬೇಗ ಬೇಗ ಹೊರಟುಹೋದಳು.

ಬಾವಿಯಿಂದ ಹೆಂಗಸರು ಕೊಡ ಹೊತ್ತು ಬರತೊಡಗಿದರು. ಕೊನೆಯಲ್ಲಿ ಹೊಗ್ಲಾ ಬಂದಳು. ಪಲ್ತೀಯ ತೊಡೆಯ ಮೇಲೆ ಹಗ್ಗ ಇತ್ತು. ಅವಳು ಕೇಳಿದ್ದು ಅದೊಂದನ್ನೇ ತಾನೆ ಎಂದು ಅದನ್ನು ಎತ್ತಿ ತೋರಿಸಲು ಹೋದ. ಅವಳು ದೂರದಲ್ಲಿ, ಗುಡ್ಡೆಯಾಚೆಗೆ ಹೋಗುತ್ತಿದ್ದವಳನ್ನು ಒಂದು ಕ್ಷಣ ನೋಡಿದಳು. ನಂತರ ಐದನೆಯ ಕಲ್ಲಿನ ಹತ್ತಿರ ಬಂದಾಗ, ಪರಗಂಡಸರಾದ ಊರ ಹಿರಿಯರೆದುರು ಹೆಂಗಸರು ಮಾಡುವ ಹಾಗೆ, ಮುಸುಕನ್ನು ಮುಂದಕ್ಕೆಳೆದು ಮುಖ ಮುಚ್ಚಿಕೊಂಡು ಹಾದುಹೋದಳು.